ಬೇಲಿ ಹಾಕಿಸುವವರು ತಂತಿ ನೋಡುವ ಮುಂಚೆ ನೆಲ ನೋಡಿ

[ತೆರೆಯ ಮೇಲೆ: ಬಳ್ಳಾರಿ ಕೋಟೆ ಗುಡ್ಡ, ಎದುರಿಗೆ ಕುಂಬಾರ ಗುಡ್ಡ]

ನಮಸ್ಕಾರ ಎಲ್ಲರಿಗೂ. ಬಳ್ಳಾರಿಯವರಿಗೆ ಈ ಕಥೆ ಹೊಸದಲ್ಲ. ಹೈದರಾಲಿ ಕಾಲದಲ್ಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಬಳ್ಳಾರಿ ಕೋಟೆಯನ್ನು ಗಟ್ಟಿಮುಟ್ಟಾಗಿ ಮಾಡಿಕೊಟ್ಟ. ಎಲ್ಲಾ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇತ್ತು! ಅಲ್ಲಿ ನಾಲ್ಕು ತೋಪು ಇಟ್ಟರೆ ಇಲ್ಲಿನ ಕೋಟೆ ಕಥೆ ಮುಗೀತು. ಸಿಟ್ಟಿಗೆ ಹೈದರಾಲಿ ಅವನನ್ನು ನೇಣಿಗೆ ಹಾಕಿಸಿದ ಅಂತ ಜನ ಹೇಳುತ್ತಾರೆ.

ಅದು ಎಷ್ಟು ನಿಜ ಅನ್ನುವುದು ಬೇರೆ ಮಾತು. ಆದರೆ ಇವತ್ತು ಮನೆಗೋ ಗೋದಾಮಿಗೋ ಬೇಲಿ ಹಾಕಿಸುವ ತುಂಬಾ ಜನ ಮಾಡುವುದು ಇದನ್ನೇ. 8 ಅಡಿ ಗೋಡೆ, ಮೇಲೆ ಬ್ಲೇಡ್ ತಂತಿಯ ಸುರುಳಿ. ಗೋಡೆಗೆ ಒರಗಿಕೊಂಡು ಒಂದು ಬೇವಿನ ಮರ, ಆ ಕಡೆ ಯಾರೋ ಸುರಿದ ಮರಳಿನ ಗುಡ್ಡೆ, ಹಿಂದೆ ಪಕ್ಕದವರ ತಾರಸಿಗೆ ಹೋಗುವ ಮೆಟ್ಟಿಲು. ಕಳ್ಳನಿಗೆ ತಂತಿ ಕತ್ತರಿಸುವ ಕೆಲಸವೇ ಇಲ್ಲ. ಹಾಗಾಗಿ ಕಾಂಟ್ರಾಕ್ಟರ್‌ಗೆ ಫೋನ್ ಮಾಡುವ ಮುಂಚೆ ಒಂದು ಸಲ ಹೊರಗಿನಿಂದ ಜಾಗದ ಸುತ್ತ ನಡೆದು ಬನ್ನಿ. "ನಾನೇ ಒಳಗೆ ಹೋಗಬೇಕು, ಬೀಗದ ಕೈ ಇಲ್ಲ, ಎಲ್ಲಿಂದ ಹತ್ತಲಿ?" ಅಂತ ಯೋಚಿಸಿ. ಉತ್ತರ ತಾನಾಗಿ ಸಿಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಬೇಲಿಯೂ ಕಳ್ಳನನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಹೊತ್ತು ತಡ ಮಾಡಿಸುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಯಾರಾದರೂ ಅವನನ್ನು ನೋಡಬೇಕು, ನಾಯಿ ಬೊಗಳಬೇಕು, ಇಲ್ಲಾ ಲೈಟ್ ಹತ್ತಬೇಕು. ಅದಕ್ಕೇ ಊರ ಹೊರಗಿನ ಗೋದಾಮಿಗೆ ಎತ್ತರದ ಗೋಡೆ ಕಟ್ಟುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಂದು ಸಲ ಒಳಗೆ ಹಾರಿದರೆ ಆ ಗೋಡೆಯೇ ಅವನಿಗೆ ಮರೆ. ರಸ್ತೆಯಲ್ಲಿ ಲಾರಿ ಹೋದರೂ ಯಾರಿಗೂ ಏನೂ ಕಾಣಲ್ಲ. ಕೆಳಗೆ ಎರಡು ಅಡಿ ಕಲ್ಲಿನ ಗೋಡೆ, ಮೇಲೆ ಆಚೆಯಿಂದ ಈಚೆ ಕಾಣುವ ಜಾಲರಿ, ನಾಲ್ಕೂ ಮೂಲೆಗೆ ಲೈಟ್: ಇದು ಹೆಚ್ಚು ಕೆಲಸ ಮಾಡುತ್ತದೆ. ಊರೊಳಗಿನ ಮನೆ ಆದರೆ ಮಾತು ಬೇರೆ. ಅಲ್ಲಿ ದನ, ಧೂಳು, ಮನೆಯ ಮರೆ ಎಲ್ಲಾ ನೋಡಬೇಕು, ಗೋಡೆಯೇ ವಾಸಿ.

ಅಳತೆ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ಪತ್ರದಲ್ಲಿರುವ ಚಕ್ಕುಬಂದಿಗೂ (ನಾಲ್ಕೂ ದಿಕ್ಕಿನ ಗಡಿ ವಿವರ) ನೆಲದ ಮೇಲಿರುವುದಕ್ಕೂ ತಾಳೆ ನೋಡಿ. ಹೊಲ ಆದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ, ಸರ್ವೇಯರ್ ಬಂದು ಗುರುತು ಮಾಡಿದ ಮೇಲೇ ಕಂಬ ನಿಲ್ಲಿಸಿ. ಒಂದು ಅಡಿ ಆಚೆ ನಿಲ್ಲಿಸಿದ ಕಂಬ ಮುಂದೆ ವಕೀಲರ ಫೀಸು ಕಟ್ಟಿಸುತ್ತದೆ.

[ತೆರೆಯ ಮೇಲೆ: ಬೇಸಿಗೆಯಲ್ಲಿ ಬಿರಿದ ಎರೆ ಹೊಲ, ವಾಲಿದ ಕಂಬಗಳ ಸಾಲು]

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ನೆಲ ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು)?

ಬೆಂಗಳೂರಿನವರ ವಿಡಿಯೋ ನೋಡಿ ಇಲ್ಲಿ ಬೇಲಿ ಹಾಕಿಸಿದರೆ ಎಡವುವುದು ಇಲ್ಲೇ. ಸಿರುಗುಪ್ಪ, ಸಿಂಧನೂರು, ಮಾನ್ವಿ, ಯಲಬುರ್ಗಾ ಕಡೆ ಎರೆ ಮಣ್ಣು ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಕೈ ಇಟ್ಟರೆ ಮೊಣಕೈವರೆಗೆ ಹೋಗುವ ಜಾಗಗಳೂ ಇವೆ. ಅಂಥ ನೆಲದಲ್ಲಿ ಒಂದೂವರೆ ಅಡಿ ತಗ್ಗು ತೋಡಿ, ಕಂಬ ಇಟ್ಟು, ಎರಡು ಬುಟ್ಟಿ ಕಾಂಕ್ರೀಟ್ ಸುರಿದರೆ ಏನಾಗುತ್ತದೆ? ಮಳೆಗಾಲದಲ್ಲಿ ಮಣ್ಣು ಕಂಬವನ್ನು ಮೇಲಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಸುತ್ತಲೂ ಸಂದು ಬಿಡುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂಬಗಳು ಒಂದೊಂದು ಒಂದೊಂದು ಕಡೆ ವಾಲಿಕೊಂಡು, ಬಿಗಿಯಾಗಿದ್ದ ತಂತಿ ಸಡಿಲಾಗಿ ಜೋತುಬೀಳುತ್ತದೆ. ತಂತಿ ಒಳ್ಳೇ ಕಂಪನಿಯದೇ ಇರಬಹುದು. ಏನು ಪ್ರಯೋಜನ?

ಪರಿಹಾರ ಇದೆ. ಎರೆ ಪದರ ತೆಳ್ಳಗಿದ್ದರೆ ಕೆಳಗಿನ ಗರಸು (ಗಟ್ಟಿ ಜಲ್ಲಿ ಮಣ್ಣು) ಸಿಗುವವರೆಗೆ ತೋಡಿಸಿ, ಅಲ್ಲಿ ಕಂಬ ಕೂರಿಸಿ. ಪದರ ದಪ್ಪ ಇದ್ದರೆ ತಗ್ಗನ್ನು ಆದಷ್ಟು ಆಳ ಮಾಡಿ, ತಳದಲ್ಲಿ ಬಾಯಿಗಿಂತ ಅಗಲ ಮಾಡಿಸಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆ ಮಣ್ಣಿಗೆಂದೇ ರೂಪಿಸಿದ ಅಂಡರ್ ರೀಮ್ಡ್ ಪೈಲ್‌ನಲ್ಲೂ (ಬುಡ ಅಗಲ ಇರುವ ಕಾಂಕ್ರೀಟ್ ಅಡಿಪಾಯದ ಕಂಬ) ಇದೇ ಉಪಾಯ ಇದೆ. ಬುಡ ದಪ್ಪ ಇದ್ದರೆ ಮೇಲಿನ ಮಣ್ಣು ಎಷ್ಟೇ ಉಬ್ಬಿದರೂ ಕಂಬವನ್ನು ಕೀಳುವುದು ಕಷ್ಟ. ಬೇಲಿ ಕಂಬಕ್ಕೆ ಅಷ್ಟು ದೊಡ್ಡ ಪೈಲ್ ಬೇಕಿಲ್ಲ, ಆದರೆ ಗೇಟಿನ ಎರಡು ಕಂಬ, ನಾಲ್ಕು ಮೂಲೆ ಕಂಬ, ಇವಕ್ಕಾದರೂ ಈ ಥರ ಮಾಡಿಸಿ. ಎಲ್ಲಾ ಎಳೆತ ಬೀಳುವುದು ಅವುಗಳ ಮೇಲೇ. ಮೂಲೆ ಕಂಬಕ್ಕೆ ಎರಡೂ ಕಡೆಯಿಂದ ಓರೆಯಾಗಿ ಆನಿಕೆ ಕಂಬ ಕೊಡಲೇಬೇಕು. ಕಾಂಕ್ರೀಟಿನ ತಲೆ ನೆಲಕ್ಕಿಂತ ಸ್ವಲ್ಪ ಮೇಲೆ ಬಂದು ಹೊರಗಡೆಗೆ ಇಳಿಜಾರಾಗಿರಲಿ. ಇಲ್ಲದಿದ್ದರೆ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ.

ಕುಷ್ಟಗಿ ಕಡೆ, ಸಂಡೂರು ಗುಡ್ಡದ ಬುಡದಲ್ಲಿ ಮಸಾರಿ ಜಾಸ್ತಿ. ಅಲ್ಲಿ ಈ ತಲೆನೋವು ಕಡಿಮೆ, ಬಂಡೆ ಸಿಕ್ಕರೆ ತೋಡುವ ಕೂಲಿ ಮಾತ್ರ ಏರುತ್ತದೆ.

ಕಂಬ ಯಾವುದು ಅಂತ ಕೇಳಿದರೆ ನನ್ನ ಓಟು ಕಲ್ಲು ಕಂಬಕ್ಕೆ. ಕಲ್ಲಿಗೆ ನಮ್ಮಲ್ಲಿ ಬರ ಇಲ್ಲ, ಅಲ್ವಾ? ಅದಕ್ಕೆ ತುಕ್ಕು ಹಿಡಿಯಲ್ಲ, ಗುಜರಿಗೆ ಕದ್ದೊಯ್ಯುವವರೂ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರು ಹರಿದು ಹರಿದು ಎಷ್ಟೋ ಹೊಲ ಸವಳಾಗಿವೆ, ಅಂದರೆ ಉಪ್ಪು ನೆಲ ಆಗಿವೆ. ಅಂಥ ನೆಲದಲ್ಲಿ ಕಬ್ಬಿಣದ ಆಂಗಲ್ ಮೇಲಿಂದ ಚೆನ್ನಾಗೇ ಕಾಣುತ್ತದೆ, ಮಣ್ಣು ಮುಟ್ಟುವ ಜಾಗದಲ್ಲಿ ಮಾತ್ರ ಸದ್ದಿಲ್ಲದೆ ತಿಂದುಹೋಗಿರುತ್ತದೆ. ಕಲ್ಲಿಗೂ ಒಂದು ದೋಷ ಇದೆ. ಪಕ್ಕದಿಂದ ಟ್ರ್ಯಾಕ್ಟರ್ ಟ್ರೇಲರ್ ತಾಗಿದರೆ ಬಾಗುವುದಿಲ್ಲ, ನೇರ ಮುರಿಯುತ್ತದೆ. ಲಾರಿ ತಿರುಗುವ ಮೂಲೆ, ರೈಸ್ ಮಿಲ್ಲಿನ ಅಂಗಳ, ಅಲ್ಲೆಲ್ಲ ಕಬ್ಬಿಣ ಅಥವಾ ಆರ್‌ಸಿಸಿ ಹಾಕಿಸಿ.

ಸ್ಲ್ಯಾಬ್ ಜೋಡಿಸುವ ರೆಡಿಮೇಡ್ ಕಂಪೌಂಡ್ ಈಗ ಎಲ್ಲಾ ಕಡೆ ಬಂದಿದೆ. ಬೇಗ ಮುಗಿಯುತ್ತದೆ, ಖಾಲಿ ಸೈಟಿಗೆ ಸಾಕು. ಆದರೆ ಎರೆಯಲ್ಲಿ ಅದರ ಕಂಬ ವಾಲಿದರೆ ಸ್ಲ್ಯಾಬ್ ಕೂರಿಸಿದ ಕಂಬದ ಸೀಳಿನಿಂದ ಜಾರುತ್ತದೆ. ಹೊರಗಿನಿಂದ ಒಂದೊಂದೇ ಸ್ಲ್ಯಾಬ್ ಎತ್ತಿ ತೆಗೆಯಲು ಆಗುತ್ತದಾ ಅಂತಲೂ ನೋಡಿ, ಸಂದುಗಳಿಗೆ ಸಿಮೆಂಟ್ ತುಂಬಿಸಿ.

[ತೆರೆಯ ಮೇಲೆ: ಮೂರು ತಂತಿ ತುಂಡುಗಳು ಪಕ್ಕಪಕ್ಕ, 10, 12, 14 ಗೇಜ್]

ಈಗ ತಂತಿ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗೆ. 10 ಗೇಜ್ ಅಂದರೆ 3.25 ಮಿಲಿಮೀಟರ್, 12 ಅಂದರೆ 2.64, 14 ಅಂದರೆ 2.03. ನೋಡುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ ಒಂದೇ ಉದ್ದಕ್ಕೆ 12 ಗೇಜಿನಲ್ಲಿ 14 ಗೇಜಿಗಿಂತ ಸುಮಾರು 1.7 ಪಟ್ಟು ಕಬ್ಬಿಣ ಇರುತ್ತದೆ. ಒಬ್ಬರ ಕೊಟೇಶನ್ ಇನ್ನೊಬ್ಬರದ್ದಕ್ಕಿಂತ ತೀರಾ ಕಡಿಮೆ ಇದ್ದರೆ ಗುಟ್ಟು ಇಲ್ಲೇ ಇರುತ್ತದೆ. ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಅಳೆಯಿರಿ, ನಾಚಿಕೆ ಬೇಡ.

ಮುಳ್ಳು ತಂತಿ ದನ, ಮೇಕೆಗೆ ಮತ್ತು ಗಡಿ ತೋರಿಸುವುದಕ್ಕೆ. ಮನುಷ್ಯ ಒಂದು ಗೋಣಿ ಚೀಲ ಹಾಕಿ ದಾಟುತ್ತಾನೆ. ಮಿಕ್ಕವರಿಗೆ ಚೈನ್ ಲಿಂಕ್, ಅಂದರೆ ತಂತಿ ಹೆಣೆದ ಜಾಲರಿ, ಇದ್ದೇ ಇದೆ. ಎರಡು ಇಂಚಿನ ಕಣ್ಣು, 10 ಗೇಜ್ ತಗೊಳ್ಳಿ. ಮೇಲೆ, ನಡುವೆ, ಕೆಳಗೆ ಅಡ್ಡ ತಂತಿ ಬೇಕೇ ಬೇಕು, ಇಲ್ಲಾಂದರೆ ಕೆಳಗಿನ ಅಂಚು ಎತ್ತಿ ನುಸುಳುತ್ತಾರೆ. ಇದರಲ್ಲಿ ಒಂದು ಹುಟ್ಟು ದೋಷ ಇದೆ: ಒಂದು ಎಳೆ ಕತ್ತರಿಸಿ ತಿರುಚುತ್ತಾ ಹೊರಗೆಳೆದರೆ ಇಡೀ ಜಾಲರಿ ಎರಡು ಭಾಗ ಆಗಿಬಿಡುತ್ತದೆ. ತಂತಿ ಸೇರುವ ಕಡೆಯೆಲ್ಲಾ ಬೆಸೆದಿರುವ ವೆಲ್ಡ್ ಮೆಶ್‌ನಲ್ಲಿ ಹಾಗಾಗಲ್ಲ, ಪ್ರತಿ ಕಣ್ಣೂ ಬೇರೆ ಬೇರೆ ಕತ್ತರಿಸಬೇಕು. ನಿಜವಾಗಿಯೂ ಬೆಲೆಬಾಳುವ ಮಾಲು ಇದ್ದರೆ 358 ಮೆಶ್ ಅಂತ ಕೇಳಿ. 3 ಇಂಚು ಅಗಲ, ಅರ್ಧ (0.5) ಇಂಚು ಎತ್ತರದ ಕಣ್ಣು, 8 ಗೇಜ್ ತಂತಿ, ಅದಕ್ಕೇ ಆ ಹೆಸರು. ಕಣ್ಣಲ್ಲಿ ಬೆರಳು ಸಿಕ್ಕಿಸಿ ಹತ್ತುವುದು ಕಷ್ಟ, ಕಟ್ಟರ್ ಬಾಯಿ ತೂರಿಸುವುದೂ ಕಷ್ಟ. ದುಬಾರಿ. ಇಡೀ ಜಾಗಕ್ಕೆ ಬೇಡ, ಮಾಲು ಇಡುವ ಭಾಗಕ್ಕೆ ಮಾತ್ರ ಹಾಕಿಸಿದರೂ ನಡೆಯುತ್ತದೆ.

ಜಿಐ (ಸತು ಲೇಪಿಸಿದ ಕಬ್ಬಿಣ) ಅಂದ ತಕ್ಷಣ ನಂಬಬೇಡಿ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಸತು ಲೇಪನ ಅಂತ ಬಿಲ್ಲಿನಲ್ಲಿ ಬರೆಸಿ. ಮುಳ್ಳು ತಂತಿಗೆ ಐಎಸ್ 278, ಚೈನ್ ಲಿಂಕ್‌ಗೆ ಐಎಸ್ 2721 ಅನ್ನುವ ಮಾನದಂಡ ಇವೆ, ಆ ನಂಬರ್ ಹೇಳಿ ಕೇಳಿದರೆ ಅಂಗಡಿಯವರು ಮಾತಾಡುವ ಧಾಟಿಯೇ ಬದಲಾಗುತ್ತದೆ. ಕಂಬಕ್ಕೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಅಲ್ಲಿಗೆ ಸತುವಿನ ಪೇಂಟ್ ಹಚ್ಚಿಸಿ.

ಬ್ಲೇಡ್ ಸುರುಳಿ ಬೇಕು ಅನ್ನುವವರು ಯಾರ ಕೈಗೂ ಸಿಗದ ಎತ್ತರದಲ್ಲಿ ಹಾಕಿಸಿ, ಪಕ್ಕದವರ ಜಾಗದ ಮೇಲೆ ಬಾಗಿಸಬೇಡಿ. ದುಡ್ಡು ಉಳಿಸಲು ಒಂದು ಸುರುಳಿಯನ್ನು ಎರಡರಷ್ಟು ಉದ್ದಕ್ಕೆ ಎಳೆದು ಹಾಕುವವರಿದ್ದಾರೆ. ಆಗ ಸುತ್ತುಗಳ ನಡುವೆ ಮನುಷ್ಯ ಆರಾಮಾಗಿ ತೂರುತ್ತಾನೆ.

ಸೋಲಾರ್ ಬೇಲಿ ಬಗ್ಗೆ ಸ್ವಲ್ಪ ಗಂಭೀರವಾಗಿ ಕೇಳಿ. ಅದರಲ್ಲಿ ಎನರ್ಜೈಸರ್ ಅನ್ನುವ ಪೆಟ್ಟಿಗೆ ಇರುತ್ತದೆ. ಅದು ಸುಮಾರು ಸೆಕೆಂಡಿಗೊಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಸಾವಿರಾರು ವೋಲ್ಟಿನ ಹೊಡೆತ ಕೊಡುತ್ತದೆ. ಜೋರಾಗಿ ಹೊಡೆಯುತ್ತದೆ, ಆದರೆ ನಡುವೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಕೊಡುವುದು ಇದಲ್ಲ! ಅದರಲ್ಲಿ ಸಾಯುವುದು ಕಳ್ಳ ಮಾತ್ರ ಅಲ್ಲ, ರಾತ್ರಿ ನೀರು ಬಿಡಲು ಬಂದ ಪಕ್ಕದ ಹೊಲದವನೂ ಸಾಯುತ್ತಾನೆ, ನಿಮ್ಮ ಮಗುವೂ ಸಾಯುತ್ತದೆ. ಹಾಕಿದವರು ಜೈಲಿಗೆ ಹೋಗುತ್ತಾರೆ. ಸೋಲಾರ್ ಬೇಲಿಗೂ ಅರ್ಥಿಂಗ್ ಚೆನ್ನಾಗಿರಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ನೆಲ ಒಣಗಿದಾಗ ಹೊಡೆತ ಕಡಿಮೆ ಆಗುತ್ತದೆ, ಅರ್ಥಿಂಗ್ ತಗ್ಗಿಗೆ ನೀರು ಹಾಕುತ್ತಿರಿ. ಹುಲ್ಲು ಬೆಳೆದು ತಂತಿಗೆ ತಾಗಿದರೂ ಅದೇ ಕಥೆ. ಎಚ್ಚರಿಕೆ ಬೋರ್ಡನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹಾಕಿಸಿ.

ಬಳ್ಳಾರಿ ಜಾಲಿ ಬೆಳೆಸಿ ಬಿಟ್ಟಿ ಬೇಲಿ ಮಾಡಿಕೊಳ್ಳೋಣ ಅನ್ನುವವರೂ ಇದ್ದಾರೆ. ಮುಳ್ಳೇನೋ ಗಟ್ಟಿ, ಆದರೆ ಅದು ಹಾಕಿದ ಕಡೆ ನಿಲ್ಲುವ ಗಿಡ ಅಲ್ಲ, ಕಳ್ಳನಿಗೂ ಹಾವಿಗೂ ಮರೆ ಕೊಡುತ್ತದೆ. ಬೇಲಿಯ ಎರಡೂ ಕಡೆ ನಾಲ್ಕು ಅಡಿ ಜಾಗ ಸ್ವಚ್ಛ ಇರಲಿ.

[ತೆರೆಯ ಮೇಲೆ: ಗೇಟಿನ ತಿರುಗಣಿ, ಹತ್ತಿರದಿಂದ]

ಇಷ್ಟೆಲ್ಲ ಮಾಡಿ ಗೇಟಿಗೆ ಬಂದಾಗ ಕೈ ಬಿಗಿ ಹಿಡಿಯುತ್ತೇವೆ. ಕಬ್ಬಿಣದ ಗೇಟು ತಿರುಗುವ ಗೂಟ ಎರಡೂ ಮೇಲ್ಮುಖವಾಗಿದ್ದರೆ, ಬೀಗ ಮುಟ್ಟದೆ ಇಬ್ಬರು ಸೇರಿ ಗೇಟನ್ನೇ ಎತ್ತಿ ಪಕ್ಕಕ್ಕಿಡಬಹುದು. ಮೇಲಿನ ಗೂಟವನ್ನು ಉಲ್ಟಾ ಹಾಕಿಸಿ, ಇಲ್ಲಾ ಗೂಟದ ತಲೆಗೆ ಒಂದು ತುಂಡು ವೆಲ್ಡ್ ಮಾಡಿಸಿ, ಎತ್ತಲು ಬರದ ಹಾಗೆ. ಗೇಟಿನ ಕೆಳಗಿನ ಸಂದು ನಾಲ್ಕು ಇಂಚಿಗಿಂತ ಜಾಸ್ತಿ ಬೇಡ. ಅಗಳಿ ಹಿಡಿದಿರುವ ಬೋಲ್ಟಿನ ನಟ್ಟು ಹೊರಗಡೆಗೆ ಇದ್ದರೆ ಬೀಗ ಎಷ್ಟು ದೊಡ್ಡದಿದ್ದರೂ ಒಂದು ಸ್ಪ್ಯಾನರ್ ಸಾಕು.

ಕೊನೆಗೆ ಲೆಕ್ಕ. 30ಕ್ಕೆ 40 ಸೈಟಿನ ಸುತ್ತಳತೆ 140 ಅಡಿ. ಒಂದು ಎಕರೆ ಚೌಕವಾಗಿದ್ದರೆ ಸುಮಾರು 835 ಅಡಿ, ಉದ್ದನೆ ಪಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ಒಬ್ಬರು ರನ್ನಿಂಗ್ ಅಡಿ (ಬೇಲಿಯ ಉದ್ದದ ಲೆಕ್ಕ) ರೇಟು ಹೇಳುತ್ತಾರೆ, ಇನ್ನೊಬ್ಬರು ಚದರ ಅಡಿ ರೇಟು. 6 ಅಡಿ ಎತ್ತರದ ಬೇಲಿಗೆ ಚದರ ಅಡಿ ರೇಟನ್ನು ಆರರಿಂದ ಗುಣಿಸಿದರೆ ರನ್ನಿಂಗ್ ಅಡಿ ರೇಟು ಬರುತ್ತದೆ, ಆಮೇಲೆ ಹೋಲಿಸಿ. ಕಂಬ ಎಷ್ಟು ಅಡಿಗೊಂದು ಅಂತ ಬರೆಸಿಕೊಳ್ಳಿ. ಒಂದು ಎಕರೆಗೆ 8 ಅಡಿಗೊಂದು ಅಂದರೆ 104 ಕಂಬ, 10 ಅಡಿಗೊಂದು ಅಂದರೆ 84. ಮಾತಲ್ಲಿ 8, ಕೆಲಸದಲ್ಲಿ 10 ಆದರೆ 20 ಕಂಬದ ದುಡ್ಡು ಯಾರ ಜೇಬಿಗೆ ಹೋಯಿತು ನೀವೇ ನೋಡಿ. ತಗ್ಗಿನ ಆಳವನ್ನೂ ಬರೆಸಿ, ಕಾಂಕ್ರೀಟ್ ಸುರಿಯುವ ಮುಂಚೆ ನಾಲ್ಕಾರು ತಗ್ಗಿಗೆ ನೀವೇ ಟೇಪ್ ಇಳಿಸಿ ಅಳೆಯಿರಿ.

ಇಂದು ಕಂಬ, ನಾಳೆ ತಂತಿ ಅಂತ ಅವಸರ ಮಾಡುವವರಿಗೆ ಒಪ್ಪಬೇಡಿ. ಹಸಿ ಕಾಂಕ್ರೀಟಿನಲ್ಲಿ ನಿಂತ ಕಂಬಕ್ಕೆ ತಂತಿ ಬಿಗಿದರೆ ಮೂಲೆ ಕಂಬ ಅಂದೇ ಒಳಗೆ ವಾಲುತ್ತದೆ. ಬುಡಕ್ಕೆ ಗೋಣಿ ಚೀಲ ಸುತ್ತಿ, ನಮ್ಮ ಬಿಸಿಲಿಗೆ ದಿನಕ್ಕೆ ಎರಡು ಮೂರು ಸಲವಾದರೂ ನೀರು ಹಾಕಿಸಿ, ಕನಿಷ್ಠ 7 ದಿನ ಆದ ಮೇಲೆ ತಂತಿ ಎಳೆಸಿ. ಬಾಕಿ ದುಡ್ಡು ಅದಾದ ಮೇಲೇ ಕೊಡಿ.