ಸಾಕಲು ಸುಲಭ ಅನ್ನುವ ನಕ್ಷತ್ರ ಆಮೆಯ ಕಥೆ

(ದೃಶ್ಯ: ಒಣ ಹುಲ್ಲು, ಕುರುಚಲು ಗಿಡ. ಕ್ಯಾಮೆರಾ ಅಲುಗಾಡುವುದಿಲ್ಲ.)

ನಮಸ್ಕಾರ. ಈ ಹುಲ್ಲನ್ನು ಒಂದು ಹತ್ತು ಸೆಕೆಂಡ್ ನೋಡಿ. ಇದರಲ್ಲಿ ಒಂದು ಆಮೆ ಇದೆ. ಕಂಡಿತಾ?

ಇಲ್ಲಿದೆ ನೋಡಿ. ಕಪ್ಪು ಬೆನ್ನು, ಅದರ ಮೇಲೆ ಹಳದಿ ಗೆರೆಗಳು. ಒಂದೊಂದು ಉಬ್ಬಿನ ನೆತ್ತಿಯಿಂದ ಗೆರೆಗಳು ಸುತ್ತಲೂ ಹರಡಿವೆ, ರಂಗೋಲಿಯಲ್ಲಿ ನಕ್ಷತ್ರ ಬಿಡಿಸಿದ ಹಾಗೆ. ಅದಕ್ಕೇ ಇದು ನಕ್ಷತ್ರ ಆಮೆ. ಅಂಗೈ ಮೇಲೆ ಇಟ್ಟುಕೊಂಡರೆ ಒಡವೆಯಂತೆ ಕಾಣುತ್ತದೆ. ಆದರೆ ಒಣ ಹುಲ್ಲಿನ ಬಿಸಿಲು ನೆರಳಿನಲ್ಲಿ ಅದೇ ಗೆರೆಗಳು ಆಮೆಯನ್ನು ಮರೆಮಾಡುತ್ತವೆ. ಬೇಟೆಯಾಡುವ ಪ್ರಾಣಿಗಳ ಕಣ್ಣು ತಪ್ಪಿಸಲು ಬಂದ ಚಿತ್ತಾರ ಅದು. ಅದರ ಮೇಲೆ ಮನುಷ್ಯರ ಕಣ್ಣು ಬಿತ್ತು.

ಎಕ್ಸಾಟಿಕ್ ಪೆಟ್ ಅಂದ ತಕ್ಷಣ ನಮಗೆ ನೆನಪಾಗುವುದು ಇಗುವಾನಾ, ಬಣ್ಣಬಣ್ಣದ ಮಕಾವ್ ಗಿಳಿ, ಹೆಬ್ಬಾವು. ಎಲ್ಲಿಂದಲೋ ಬಂದ ಪ್ರಾಣಿಗಳು. ಆದರೆ ಬ್ಯಾಂಕಾಕ್‌ನಲ್ಲಿ ಕೂತವರಿಗೆ ಕೋಲಾರದ ಪ್ರಾಣಿಯೇ ಎಕ್ಸಾಟಿಕ್, ಅಲ್ವಾ? ಇವತ್ತು ಮಾತಾಡುವುದು ನಮ್ಮ ನೆಲದಿಂದ ಹೊರಗೆ ಹೋಗುವ ಆ ಪ್ರಾಣಿಯ ಬಗ್ಗೆ.

(ದೃಶ್ಯ: ನಕ್ಷೆ. ಮೂರು ಜಾಗಗಳಿಗೆ ಬಣ್ಣ.)

ನಕ್ಷತ್ರ ಆಮೆ ಇರುವುದು ಮೂರು ಕಡೆ. ಗುಜರಾತ್, ರಾಜಸ್ಥಾನ ಮತ್ತು ಅದಕ್ಕೆ ಅಂಟಿಕೊಂಡ ಪಾಕಿಸ್ತಾನದ ಭಾಗ ಒಂದು. ದಕ್ಷಿಣದಲ್ಲಿ ಆಂಧ್ರ, ತಮಿಳುನಾಡು ಮತ್ತು ಕರ್ನಾಟಕದ ಒಣ ಪ್ರದೇಶ ಇನ್ನೊಂದು. ಮೂರನೆಯದು ಶ್ರೀಲಂಕಾ. ದಟ್ಟ ಕಾಡು ಇದಕ್ಕೆ ಬೇಡ. ಕುರುಚಲು ಕಾಡು, ಹುಲ್ಲುಗಾವಲು, ಹೊಲದ ಬದು, ಬೇಲಿಯ ಬುಡ ಇಷ್ಟು ಸಾಕು. ಬೇಸಿಗೆಯಲ್ಲಿ ಹೆಚ್ಚು ಹೊತ್ತು ಪೊದೆಯ ನೆರಳಲ್ಲಿ ಸುಮ್ನೆ ಕೂತಿರುತ್ತದೆ. ಮುಂಗಾರು ಶುರುವಾದರೆ ಓಡಾಟ ಜಾಸ್ತಿ. ಬೆಳಗ್ಗೆ ಮತ್ತು ಸಂಜೆ ಹುಲ್ಲು, ಹೂವು, ಉದುರಿದ ಹಣ್ಣು ತಿನ್ನುತ್ತಾ ತಿರುಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ನಾವು ನೆಲದ್ದಕ್ಕೂ ನೀರಿನದ್ದಕ್ಕೂ ಆಮೆ ಅಂತಲೇ ಕರೆಯುತ್ತೇವೆ. ಹಾಗಾಗಿ ಆಮೆ ಕಂಡರೆ ನೀರಿಗೆ ಬಿಡಬೇಕು ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಕ್ಷತ್ರ ಆಮೆ ನೆಲದ ಪ್ರಾಣಿ. ಅದರ ಕಾಲು ನೋಡಿ, ಪುಟ್ಟ ಆನೆಯ ಕಾಲಿನಂತೆ ದಪ್ಪ ಕಂಬ. ಬೆರಳುಗಳ ನಡುವೆ ಈಜಲು ಬೇಕಾದ ಜಾಲಪೊರೆ ಇಲ್ಲ. ಬಾವಿಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟರೆ ಮುಳುಗಿ ಸಾಯುತ್ತದೆ. ಪುಣ್ಯ ಬರಲಿ ಅಂತ ಬಿಟ್ಟವರು ಅದನ್ನು ಕೊಂದಿರುತ್ತಾರೆ.

(ದೃಶ್ಯ: ನಿರೂಪಕರು ನೇರವಾಗಿ ಕ್ಯಾಮೆರಾ ಕಡೆ.)

ಈಗ ವ್ಯಾಪಾರಕ್ಕೆ ಬರೋಣ. 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದಿಂದ, ಆಂಧ್ರಪ್ರದೇಶದ ಕಡೆ, ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸಿದ್ದು ಅದರಲ್ಲಿ ಗೊತ್ತಾಯಿತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 150. ಒಂದೇ ಜಾಗದ ಲೆಕ್ಕ ಇದು!

ಹಿಡಿಯುವುದಕ್ಕೆ ಬಲೆ ಬೇಡ, ಬಂದೂಕು ಬೇಡ. ಹೊಲಕ್ಕೆ ಹೋದವರು, ಕುರಿ ಕಾಯುವವರು ದಾರಿಯಲ್ಲಿ ಸಿಕ್ಕರೆ ಎತ್ತಿ ಚೀಲಕ್ಕೆ ಹಾಕಿದರೆ ಮುಗಿಯಿತು. ಅವರಿಗೆ ಸಿಗುವುದು ಚಿಲ್ಲರೆ ಕಾಸು. ದಲ್ಲಾಳಿ ಮನೆಮನೆಯಿಂದ ಕೂಡಿಸುತ್ತಾನೆ. ನೂರು ಇನ್ನೂರು ಸೇರಿದಾಗ ಚೆನ್ನೈ ಕಡೆಗೋ ಬೇರೆ ಊರಿಗೋ ರವಾನೆ. ಅಲ್ಲಿಂದ ವಿಮಾನ ಅಥವಾ ದೋಣಿ. ದೂರ ಹೋದಷ್ಟೂ ಬೆಲೆ ಏರುತ್ತದೆ, ಆಮೆಗಳ ಸಂಖ್ಯೆ ಇಳಿಯುತ್ತದೆ.

ಪ್ಯಾಕಿಂಗ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಕೇಳುವುದಕ್ಕೆ ಕಷ್ಟ ಆಗುತ್ತದೆ, ಆದರೂ ಕೇಳಿ. ತಲೆ, ಕಾಲು ಚಿಪ್ಪಿನೊಳಗೆ ಎಳೆದುಕೊಂಡಾಗ ಸುತ್ತಲೂ ಟೇಪ್ ಸುತ್ತುತ್ತಾರೆ, ಮತ್ತೆ ಹೊರಗೆ ಚಾಚದಂತೆ. ಬಟ್ಟೆಯಲ್ಲೋ ಕಾಲುಚೀಲದಲ್ಲೋ ಮುಚ್ಚಿ, ಇಟ್ಟಿಗೆ ಜೋಡಿಸಿದಂತೆ ಸೂಟ್‌ಕೇಸಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಮರಿಗಳಾದರೆ ಜಾಸ್ತಿ ಹಿಡಿಸುತ್ತವೆ, ಹಾಗಾಗಿ ಮರಿಗಳಿಗೇ ಬೇಡಿಕೆ. ಊಟ ಇಲ್ಲ, ನೀರು ಇಲ್ಲ. ಹೀಗೆ ದಿನಗಟ್ಟಲೆ.

ನಾಯಿಮರಿಯನ್ನು ಹೀಗೆ ಸಾಗಿಸಲು ಆಗುತ್ತಾ? ಆಗಲ್ಲ. ಅದು ಕಿರುಚುತ್ತದೆ. ಗಿಳಿಯೂ ಕಿರುಚುತ್ತದೆ. ಆಮೆಗೆ ಕಿರುಚಲು ಬರುವುದಿಲ್ಲ. ಅದರ ದೇಹದ ಒಳಗಿನ ಕೆಲಸವೆಲ್ಲ ನಿಧಾನ. ಹಾಗಾಗಿ ಅನ್ನ ನೀರು ಇಲ್ಲದೆಯೂ ಬಹಳ ದಿನ ಜೀವ ಹಿಡಿದುಕೊಂಡಿರುತ್ತದೆ. ಕಾಡಿನಲ್ಲಿ ಬರಗಾಲ ದಾಟಲು ಸಿಕ್ಕ ಶಕ್ತಿ ಅದು. ಕಳ್ಳಸಾಗಣೆಯವರ ಲಾಭ ನಿಂತಿರುವುದು ಆ ಶಕ್ತಿಯ ಮೇಲೆ. ಸಾಕಲು ಸುಲಭ ಅನ್ನುವ ಮಾತು ಹುಟ್ಟಿದ್ದೂ ಅಲ್ಲಿಂದಲೇ ಅಂತ ನನಗೆ ಅನಿಸುತ್ತದೆ.

(ದೃಶ್ಯ: ಖಾಲಿ ಪ್ಲಾಸ್ಟಿಕ್ ಟಬ್.)

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂದು ನಕ್ಷತ್ರ ಆಮೆ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ನೀಲಿ ಟಬ್, ಅದರೊಳಗೆ ಆಮೆ. ಸ್ಕೂಲು ಬಿಟ್ಟ ಮೇಲೆ ನಾವೆಲ್ಲ ಹೋಗಿ ನೋಡುತ್ತಿದ್ದೆವು. ಆ ಮನೆಯ ಆಂಟಿ ಒಳ್ಳೆಯವರು, ನಮಗೂ ತಿಂಡಿ ಕೊಡುತ್ತಿದ್ದರು, ಆಮೆಗೂ ಕೊಡುತ್ತಿದ್ದರು. ಎಲೆಕೋಸು, ಅನ್ನ, ಒಮ್ಮೊಮ್ಮೆ ಬಿಸ್ಕತ್ತು. "ಇದರದ್ದು ಏನೂ ರಗಳೆ ಇಲ್ಲ ಕಣ್ರೋ, ಹಾಕಿದ್ದು ತಿನ್ನುತ್ತೆ, ಇಟ್ಟ ಕಡೆ ಇರುತ್ತೆ" ಅನ್ನುತ್ತಿದ್ದರು. ವರ್ಷ ಕಳೆದಂತೆ ಅದರ ಬೆನ್ನಿನ ಉಬ್ಬುಗಳು ಸಣ್ಣ ಸಣ್ಣ ಗೋಪುರಗಳ ಹಾಗೆ ಎದ್ದವು. ದೊಡ್ಡದಾಗುತ್ತಿದೆ, ಚೆಂದ ಆಗುತ್ತಿದೆ ಅಂತ ನಮಗೆಲ್ಲ ಖುಷಿ.

ಅದು ಯಾವ ದಿನ ಸತ್ತಿತು ಅಂತ ಯಾರಿಗೂ ಗೊತ್ತಿಲ್ಲ. ಯಾವಾಗಲೂ ಸುಮ್ನೆ ಇರುತ್ತಿತ್ತಲ್ಲ. ವಾಸನೆ ಬಂದ ಮೇಲೆ ಗೊತ್ತಾಯಿತು.

ಆ ಗೋಪುರಗಳ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈ ಜಾತಿಯ ಆಮೆಗೆ ಕಾಡಿನಲ್ಲೂ ಬೆನ್ನಿನ ಮೇಲೆ ಸ್ವಲ್ಪ ಉಬ್ಬು ಇರುತ್ತದೆ, ಅದು ಸಹಜ. ಆದರೆ ಮರಿ ಬೆಳೆಯುವಾಗ ಸುತ್ತ ಸರಿಯಾದ ತೇವ ಇಲ್ಲದಿದ್ದರೆ, ತಿನ್ನುವುದು ತಪ್ಪಾದರೆ, ಚಿಪ್ಪು ಚಪ್ಪಟೆಯಾಗಿ ಹರಡುವ ಬದಲು ಮೇಲಕ್ಕೆ ಮೊನೆಮೊನೆಯಾಗಿ ಏಳುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮತ್ತು ಕ್ಯಾಲ್ಸಿಯಂ ಸಿಗದಿದ್ದರೆ ಇನ್ನೊಂದು ತೊಂದರೆ. ಮೂಳೆ ಮೆತ್ತಗಾಗುತ್ತದೆ, ಚಿಪ್ಪು ಒತ್ತಿದರೆ ಬಗ್ಗುತ್ತದೆ. ಕಿಟಕಿ ಪಕ್ಕ ಇಟ್ಟಿದ್ದೇವೆ, ಬಿಸಿಲು ಬರುತ್ತದೆ ಅಂತ ಹೇಳುವವರಿದ್ದಾರೆ. ಗಾಜು ದಾಟಿ ಬರುವ ಬಿಸಿಲಿನಲ್ಲಿ ಆಮೆಗೆ ಬೇಕಾದ ಕಿರಣ ಬಹುತೇಕ ಉಳಿದಿರುವುದಿಲ್ಲ.

ಚಿಪ್ಪು ಅಂದರೆ ಮೇಲೆ ಹೊದ್ದ ಹೆಲ್ಮೆಟ್ ಅಲ್ಲ. ಆಮೆಯ ಪಕ್ಕೆಲುಬು, ಬೆನ್ನುಮೂಳೆ ಸೇರಿಯೇ ಚಿಪ್ಪು ಆಗಿರುವುದು. ಅದರಲ್ಲಿ ನರ ಇದೆ, ರಕ್ತ ಓಡುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ, ಗೀರಿದರೆ ನೋಯುತ್ತದೆ. ಟೈಲ್ಸ್ ನೆಲದ ತಣ್ಣನೆಯೂ ಅದಕ್ಕೆ ಶಿಕ್ಷೆಯೇ. ನಮ್ಮ ಹಾಗೆ ಒಳಗಿಂದ ಮೈ ಬೆಚ್ಚಗೆ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹೊರಗೆ ತಣ್ಣಗಿದ್ದರೆ ಒಳಗೂ ತಣ್ಣಗೆ. ತಿಂದದ್ದು ಜೀರ್ಣ ಆಗುವುದಿಲ್ಲ, ನೆಗಡಿ ಹಿಡಿಯುತ್ತದೆ, ಮೂಗಿನಿಂದ ನೀರು ಸುರಿಯುತ್ತದೆ. ಆಗಲೂ ಸದ್ದಿಲ್ಲ.

ಇಷ್ಟೆಲ್ಲ ಆದರೂ ಜನ ಯಾಕೆ ಇಟ್ಟುಕೊಳ್ಳುತ್ತಾರೆ? ಒಂದು ಕಾರಣ ಚೆಂದ. ಇನ್ನೊಂದು ಅದೃಷ್ಟ. ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ, ವಾಸ್ತು ಸರಿಯಾಗುತ್ತದೆ ಅನ್ನುತ್ತಾರೆ. ವಿಷ್ಣುವಿನ ಕೂರ್ಮಾವತಾರದ ನೆನಪೂ ಇದರ ಜೊತೆ ಸೇರಿಕೊಳ್ಳುತ್ತದೆ. ಪಕ್ಕದ ತಮಿಳುನಾಡಿನ ಗಾದೆ ಪೂರಾ ಉಲ್ಟಾ: ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ. ಅಮೀನ ಅಂದರೆ ಜಪ್ತಿ ಮಾಡಲು ಬರುವ ಕೋರ್ಟಿನ ನೌಕರ. ಭಕ್ತಿಯನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ದೇವರ ರೂಪ ಅಂತ ನಂಬಿದ ಪ್ರಾಣಿಯನ್ನು ಟಬ್‌ನಲ್ಲಿ ಕೂಡಿಹಾಕಲು ನಮ್ಮ ಮನಸ್ಸು ಹೇಗೆ ಒಪ್ಪುತ್ತದೆ ಅನ್ನುವುದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

(ದೃಶ್ಯ: ಕಾನೂನಿನ ಮಾಹಿತಿ ತೆರೆಯ ಮೇಲೆ.)

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಮೂರೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು, ಅಂದರೆ ಶಿಕ್ಷೆ ಕಡಿಮೆ. 2022ರ ತಿದ್ದುಪಡಿಯಲ್ಲಿ ಹುಲಿ, ಆನೆಗಳಿರುವ ಮೊದಲನೇ ಅನುಸೂಚಿಗೆ ಬಂತು. ಈಗ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಸೈಟ್ಸ್ ಅನ್ನುವ ಒಪ್ಪಂದ ಇದೆ. 2019ರಲ್ಲಿ ಜಿನೀವಾದಲ್ಲಿ ನಡೆದ ಅದರ ಸಭೆಯಲ್ಲಿ ನಕ್ಷತ್ರ ಆಮೆಯನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದರು. ಹಾಗೆ ಮಾಡಿ ಅಂತ ಕೇಳಿದ ದೇಶಗಳಲ್ಲಿ ಭಾರತವೂ ಇತ್ತು.

ಕಾಯ್ದೆ ಬಿಗಿಯಾಗಿದ್ದು ಸಂತೋಷ. ಆದರೆ ಕಾಡಿನ ಲೆಕ್ಕ ಬೇರೆ. ಹೆಣ್ಣು ಆಮೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಎಂಟು ಹತ್ತು ವರ್ಷ ಬೇಕು. ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯ ಮೊಟ್ಟೆ. ಅದರಲ್ಲಿ ಉಳಿದು ದೊಡ್ಡದಾಗುವ ಮರಿಗಳು ಇನ್ನೂ ಕಡಿಮೆ. ಒಂದು ಬೆಟ್ಟದ ಸುತ್ತಲಿನ ಆಮೆಗಳನ್ನು ನಾಲ್ಕು ಮಳೆಗಾಲ ಸತತವಾಗಿ ಬಾಚಿದರೆ, ಐದನೇ ಮಳೆಗಾಲಕ್ಕೆ ಮೊಟ್ಟೆ ಇಡುವವರು ಯಾರು?

(ದೃಶ್ಯ: ವಿಮಾನ ನಿಲ್ದಾಣದ ಸಾಮಾನು ಬರುವ ಬೆಲ್ಟ್.)

ಇನ್ನು ಇದೇ ದಾರಿಯಲ್ಲಿ ಎದುರಿನಿಂದ ಬರುವ ಸಾಮಾನು ನೋಡಿ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ, 2023ರ ಆಗಸ್ಟ್. ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ 234 ಪ್ರಾಣಿಗಳು. ಅದರಲ್ಲಿ ಒಂದು ಕಾಂಗರೂ ಮರಿ. ಸತ್ತುಹೋಗಿತ್ತು. ಮುಂದಿನ ತಿಂಗಳೇ ಮತ್ತೆ ಬ್ಯಾಂಕಾಕ್ ವಿಮಾನ, 78 ಪ್ರಾಣಿಗಳು: 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ. ಹಾವುಗಳೆಲ್ಲ ಬದುಕಿದ್ದವು. ಆರು ಕೋತಿಗಳೂ ಸತ್ತಿದ್ದವು.

ಅಂದರೆ ಹೊರಗೆ ಹೋಗುವುದೂ ನಮ್ಮಿಂದ, ಒಳಗೆ ತರಿಸಿಕೊಳ್ಳುವವರೂ ನಮ್ಮಲ್ಲೇ. ಇದು ಬೇರೆಯವರ ತಪ್ಪು ಅಂತ ಬೆರಳು ತೋರಿಸಿ ಕೂರುವ ಹಾಗಿಲ್ಲ.

ಸಿಕ್ಕಿಬಿದ್ದ ಆಮೆಗಳು ಏನಾಗುತ್ತವೆ? ಕಾಡಿಗೆ ಬಿಟ್ಟರೆ ಆಯಿತು ಅಂತ ನಾನೂ ಅಂದುಕೊಂಡಿದ್ದೆ. ಅಷ್ಟು ಸುಲಭ ಇಲ್ಲ. ಗುಜರಾತಿನ ಆಮೆಯೂ ಕರ್ನಾಟಕದ ಆಮೆಯೂ ನೋಡಲು ಹೆಚ್ಚುಕಮ್ಮಿ ಒಂದೇ. ಆದರೆ ವಂಶವಾಹಿ ಬೇರೆ. ಎಲ್ಲಿಯದ್ದು ಅಂತ ನೋಡದೆ ಬಿಟ್ಟರೆ ತಳಿ ಬೆರಕೆಯಾಗುತ್ತದೆ. ಸೂಟ್‌ಕೇಸಿನಲ್ಲಿ ಹಿಡಿದ ಕಾಯಿಲೆ ಕಾಡಿನ ಆಮೆಗಳಿಗೂ ಹರಡುತ್ತದೆ. ಹಿಂದೆ ಸಿಂಗಾಪುರದಿಂದ ವಾಪಸ್ ಬಂದ ನಕ್ಷತ್ರ ಆಮೆಗಳ ಮೂಲ ಪತ್ತೆ ಮಾಡಲು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ಅವುಗಳ ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಅದನ್ನು 2006ರಲ್ಲಿ ಪ್ರಕಟಿಸಿದರು.

2018ರ ನವೆಂಬರ್‌ನಲ್ಲಿ 51 ನಕ್ಷತ್ರ ಆಮೆಗಳು ಸಿಂಗಾಪುರದಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಈ ಸಲ ಟೇಪ್ ಸುತ್ತಿಕೊಂಡಲ್ಲ. ಅಲ್ಲಿನ ಪ್ರಾಣಿ ರಕ್ಷಣಾ ಸಂಸ್ಥೆ ಏಕರ್ಸ್, ಇಲ್ಲಿನ ವೈಲ್ಡ್‌ಲೈಫ್ ಎಸ್‌ಒಎಸ್ ಮತ್ತು ಕರ್ನಾಟಕ ಅರಣ್ಯ ಇಲಾಖೆ ಸೇರಿ ಮಾಡಿದ ಕೆಲಸ. ಬಂದ ಕೂಡಲೇ ಬಿಡಲಿಲ್ಲ, ಮೊದಲು ಪ್ರತ್ಯೇಕವಾಗಿ ಇಟ್ಟು ಆರೋಗ್ಯ ನೋಡಿಕೊಂಡರು. 51 ಆಮೆಗಳಿಗೆ ಎರಡು ದೇಶದ ಇಷ್ಟೊಂದು ಜನ, ಕಾಗದಪತ್ರ, ವೈದ್ಯರು. ಆಚೆ ಕಡೆ 55,000.

(ದೃಶ್ಯ: ಮಣ್ಣಿನ ರಸ್ತೆ, ಮಳೆ ನಿಂತ ಸಂಜೆ.)

ನಿಮ್ಮ ಮನೆಯಲ್ಲೋ ಪರಿಚಯದವರ ಮನೆಯಲ್ಲೋ ನಕ್ಷತ್ರ ಆಮೆ ಇದ್ದರೆ ನೀವೇ ಹೋಗಿ ಎಲ್ಲೋ ಬಿಟ್ಟು ಬರಬೇಡಿ, ಕೆರೆಗಂತೂ ಬೇಡವೇ ಬೇಡ. ಅರಣ್ಯ ಇಲಾಖೆಗೆ ತಿಳಿಸಿ. ಕರ್ನಾಟಕದಲ್ಲಿ ಸಹಾಯವಾಣಿ 1926. ಯಾರಾದರೂ ವಾಟ್ಸಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಮಾರಾಟಕ್ಕೆ ಹಾಕಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದೇ ನಂಬರಿಗೆ ಹೇಳಿ. ಅಯ್ಯೋ ಪಾಪ ಅಂತ ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಹೋಗಬೇಡಿ. ಅವನು ಆ ದುಡ್ಡಿಗೆ ನಾಳೆ ಇನ್ನೆರಡು ತರುತ್ತಾನೆ.

ಮಳೆಗಾಲದಲ್ಲಿ ಕೋಲಾರದ ಕಡೆ ಹೋಗುವಾಗ ರಸ್ತೆ ದಾಟುವ ನಕ್ಷತ್ರ ಆಮೆ ಸಿಕ್ಕರೂ ಸಿಗಬಹುದು. ಗಾಡಿ ಪಕ್ಕಕ್ಕೆ ಹಾಕಿ, ಹಿಂದೆ ಮುಂದೆ ನೋಡಿ ಇಳಿಯಿರಿ. ಫೋಟೋ ತೆಗೆದರೆ ಜಾಗದ ಹೆಸರು ಮಾತ್ರ ಎಲ್ಲೂ ಹಾಕಬೇಡಿ, ಹಿಡಿಯುವವರೂ ಅದನ್ನೇ ಹುಡುಕುತ್ತಿರುತ್ತಾರೆ. ಎರಡೂ ಕೈಯಲ್ಲಿ ಚಿಪ್ಪಿನ ಪಕ್ಕ ಹಿಡಿದು, ನೆಲಕ್ಕೆ ಹತ್ತಿರವೇ ಎತ್ತಿ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಯ ಹುಲ್ಲಿಗೆ ಬಿಡಿ. ವಾಪಸ್ ಬಂದ ಕಡೆಗೆ ಬಿಟ್ಟರೆ ಮತ್ತೆ ರಸ್ತೆಗೆ ಇಳಿಯುತ್ತದೆ. ಬಿಟ್ಟ ಮೇಲೆ ಒಂದೆರಡು ನಿಮಿಷ ದೂರ ನಿಂತು ನೋಡಿ. ಮೊದಲು ತಲೆ ಹೊರಗೆ ಬರುತ್ತದೆ, ಆಮೇಲೆ ಕಾಲು. ನಾಲ್ಕು ಹೆಜ್ಜೆ ನಡೆದರೆ ಸಾಕು, ಹುಲ್ಲಿನಲ್ಲಿ ಅದು ಎಲ್ಲಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ.