ಮಗು ಉಣ್ಣುವುದು ನಿಮ್ಮ ತಟ್ಟೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮಗುವಿನ ಹಿಂದೆ ತಟ್ಟೆ ಹಿಡಿದು ಓಡಾಡುತ್ತಿರುವ ಅಮ್ಮಂದಿರು, ಅಜ್ಜಿಯರು ಈಗ ರೇಡಿಯೋ ಹಾಕಿದ್ದರೆ, ಸ್ವಲ್ಪ ಹೊತ್ತು ಕೂತುಕೊಳ್ಳಿ. ಈ ಮಾತು ನಿಮಗೇ. ಅಪ್ಪಂದಿರಿಗೆ ಇನ್ನೂ ಜಾಸ್ತಿ.

ನಾನು ಆಹಾರ ತಜ್ಞೆ. ನನ್ನ ಹತ್ತಿರ ಬರುವವರದು ಹೆಚ್ಚುಕಡಿಮೆ ಒಂದೇ ಮಾತು. ‘ಮಗು ಸೊಪ್ಪು ತಿನ್ನಲ್ಲ, ಮುದ್ದೆ ಮುಟ್ಟಲ್ಲ, ಏನಾದರೂ ಟಾನಿಕ್ ಬರೆದುಕೊಡಿ.’ ನಾನು ಟಾನಿಕ್ ಬರೆಯುವುದಿಲ್ಲ. ಮನೆಯಲ್ಲಿ ಯಾರು ಏನು ತಿನ್ನುತ್ತಾರೆ, ಯಾರ ಪಕ್ಕ ಯಾರು ಕೂರುತ್ತಾರೆ ಅಂತ ಕೇಳುತ್ತೇನೆ. ಯಾಕೆಂದರೆ ಮಗು ಊಟ ಕಲಿಯುವುದು ನಮ್ಮ ತಟ್ಟೆ ನೋಡಿ. ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಈ ಕಲಿಕೆ ಹುಟ್ಟುವ ಮೊದಲೇ ಶುರು. ಹೊಟ್ಟೆಯಲ್ಲಿರುವ ಕೂಸು ತನ್ನ ಸುತ್ತಲಿನ ನೀರನ್ನು ಗುಟುಕು ಗುಟುಕಾಗಿ ನುಂಗುತ್ತಿರುತ್ತದೆ. ತಾಯಿ ತಿಂದದ್ದರ ಘಮ ಆ ನೀರಿಗೂ ಇಳಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊನೆಲ್ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಕೆಲವು ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕೊಟ್ಟರು. ಇನ್ನು ಕೆಲವರಿಗೆ ಬರೀ ನೀರು. ಮಕ್ಕಳಿಗೆ ಗಂಜಿ ಕೊಡುವ ವಯಸ್ಸು ಬಂದಾಗ ಕ್ಯಾರೆಟ್ ಬೆರೆಸಿ ತಿನ್ನಿಸಿ ನೋಡಿದರು. ಅಮ್ಮ ರಸ ಕುಡಿದಿದ್ದ ಮಕ್ಕಳು ಮುಖ ಸಿಂಡರಿಸಿದ್ದು ಕಡಿಮೆ. 2001ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮೊದಲು ಅದೇ ಕೇಂದ್ರದಲ್ಲಿ ಬೆಳ್ಳುಳ್ಳಿಯನ್ನೂ ಪರೀಕ್ಷಿಸಿದ್ದರು. ತಾಯಿ ಬೆಳ್ಳುಳ್ಳಿ ತಿಂದ ದಿನ ಎದೆಹಾಲಿಗೆ ಅದರ ವಾಸನೆ ಬಂತು, ಮಗು ಇನ್ನಷ್ಟು ಹೊತ್ತು ಮೊಲೆ ಹಿಡಿದಿತ್ತು.

ನಮ್ಮಲ್ಲಿ ಬಾಣಂತಿಗೆ ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಕೊಡುತ್ತೇವೆ ಅಲ್ವಾ? ಮನೆ ಅಡುಗೆಯ ಪರಿಚಯ ಮಗುವಿಗೆ ಆಗಲೇ ಆಗುತ್ತದೆ. ಹಾಗಾಗಿ ದಯವಿಟ್ಟು, ಅದು ನಂಜು ಇದು ನಂಜು ಅಂತ ಬಾಣಂತಿಯನ್ನು ಬರೀ ಅನ್ನ, ತಿಳಿಸಾರಿನಲ್ಲಿ ಕೂರಿಸಬೇಡಿ.

ಈಗ ಒಂದು ಮನೆಯ ವಿಷಯ ಹೇಳಲೇಬೇಕು. ಕೋಲಾರದ ಕಡೆಯವರು. ಮಳೆ ಬಿದ್ದರೆ ಸಾಕು, ಅವರ ಹೊಲದ ಬದುವಿನಲ್ಲಿ ಅಣ್ಣೆ, ಗಣಕೆ, ಕೀರೆ, ಹೊನಗೊನೆ ಎಲ್ಲ ಎದ್ದು ನಿಲ್ಲುತ್ತವೆ. ಅಜ್ಜಿ ಮಡಿಲ ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಾರೆ. ಅವತ್ತು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಂಥ ಮನೆಯ ನಾಲ್ಕು ವರ್ಷದ ಹುಡುಗ ಒಂದೆಸಳು ಸೊಪ್ಪು ಬಾಯಿಗಿಡುವುದಿಲ್ಲ. ಬೈದಿದ್ದಾಯಿತು, ಮೊಬೈಲ್ ತೋರಿಸಿದ್ದಾಯಿತು, ಚಾಕಲೇಟಿನ ಆಸೆ ಹಚ್ಚಿದ್ದೂ ಆಯಿತು.

ನಾನು ಅವರ ಮನೆಗೇ ಹೋಗಿ ಊಟಕ್ಕೆ ಕೂತೆ. ಹುಡುಗ ಪಲ್ಯವನ್ನು ಬೆರಳ ತುದಿಯಿಂದ ತಟ್ಟೆಯ ಅಂಚಿಗೆ ತಳ್ಳಿದ. ಪಕ್ಕದಲ್ಲಿ ಅವನ ಅಪ್ಪ. ಅವರ ತಟ್ಟೆಯಲ್ಲೂ ಪಲ್ಯ ಅಂಚಿನಲ್ಲೇ! ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದಾರೆ, ಪಲ್ಯದ ಕಡೆ ಕೈಯೇ ಹೋಗುತ್ತಿಲ್ಲ. ಅಜ್ಜಿಯನ್ನು ಕೇಳಿದೆ. ‘ಇವರ ತಾತನೂ ಹಿಂಗೇ ಕಣಮ್ಮ. ನಮ್ಮತ್ತೆ ಗಂಡಸರಿಗೆ ಸಾರು ಬಿಡೋರು, ಪಲ್ಯ ಹೆಂಗಸರಿಗೆ ಮಿಗೋದು’ ಅಂದರು.

ಅಪ್ಪ ಹೇಳಿದ್ದು, ‘ನಮ್ಮ ವಂಶದಲ್ಲೇ ಹಂಗೆ ಮೇಡಂ, ರಕ್ತದಲ್ಲೇ ಬಂದಿದೆ.’ ರಕ್ತದಲ್ಲಿ ಬಂದಿದ್ದರೆ ಆ ಹುಡುಗನ ಅಕ್ಕ ಹೇಗೆ ತಿನ್ನುತ್ತಾಳೆ? ಅವಳು ಪಲ್ಯ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ. ಅವಳು ಉಣ್ಣುವುದು ಆಮೇಲೆ, ಅಮ್ಮ ಮತ್ತು ಅಜ್ಜಿಯ ಜೊತೆ. ಒಂದೇ ಒಲೆ, ಒಂದೇ ಪಾತ್ರೆ, ಒಂದೇ ರಕ್ತ. ಆದರೆ ಎರಡು ಪಂಕ್ತಿ. ಯಾವ ಪಂಕ್ತಿಯಲ್ಲಿ ಕೂತರೋ ಆ ಪಂಕ್ತಿಯ ಊಟ ಕಲಿತರು.

ನಾನು ಆ ಹುಡುಗನಿಗೆ ಏನೂ ಹೇಳಲಿಲ್ಲ. ಅಪ್ಪನಿಗೆ ಹೇಳಿದೆ. ‘ನೀವು ಪಲ್ಯ ತಿನ್ನಿ. ಮಗನಿಗೆ ತಿನ್ನು ಅಂತ ಹೇಳಲೇಬೇಡಿ. ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ.’ ಮೊದಮೊದಲು ಅವರಿಗೆ ಕಷ್ಟವೇ ಆಯಿತು. ಮುದ್ದೆಯ ತುತ್ತಿನೊಳಗೆ ಚೂರು ಪಲ್ಯ ಸೇರಿಸಿ ನುಂಗಿದರಂತೆ. ಆಮೇಲೆ ರುಚಿ ಹತ್ತಿತು. ಕೆಲವು ವಾರ ಕಳೆದ ಮೇಲೆ ಹುಡುಗ ಕೈ ಹಾಕಿದ್ದು ತನ್ನ ತಟ್ಟೆಗಲ್ಲ, ಅಪ್ಪನ ತಟ್ಟೆಗೆ. ಅಲ್ಲಿದ್ದ ಪಲ್ಯ ತೆಗೆದು ಬಾಯಿಗೆ ಹಾಕಿಕೊಂಡ. ಅಜ್ಜಿ ಫೋನ್ ಮಾಡಿ ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈ ಕತೆಗೇ ಹೊತ್ತು ಜಾಸ್ತಿ ಹಿಡಿಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೊಸ ರುಚಿಯನ್ನು ಮಗು ಮೊದಲ ಸಲವೇ ಒಪ್ಪುವುದಿಲ್ಲ. ಹತ್ತು, ಹದಿನೈದು ಸಲ ಬಾಯಿಗೆ ಬಿದ್ದ ಮೇಲೆ ಒಪ್ಪುತ್ತದೆ. ನೀವು ಮೂರನೇ ಸಲಕ್ಕೇ ‘ಅವನಿಗೆ ಸೇರಲ್ಲ’ ಅಂತ ಬಿಟ್ಟುಬಿಡುತ್ತೀರಿ. ಬಿಡಬೇಡಿ. ಚೂರೇ ಚೂರು ಬಡಿಸಿ, ಸುಮ್ನೆ ಇರಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುವ ಕ್ರಮ ನಿಮ್ಮ ಅತ್ತೆಗೋ ಅಮ್ಮನಿಗೋ ಗೊತ್ತಿರುತ್ತದೆ, ಕೇಳಿ ಕಲಿಯಿರಿ. ಮೊಳಕೆ ಬಂದ ರಾಗಿಯ ಸರಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ. ಕಬ್ಬಿಣದಂಶವೂ ಚೆನ್ನಾಗಿ ಮೈಗೆ ಹತ್ತುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಆದರೆ ಮಗುವಿಗೆ ರಾಗಿ, ನಮಗೆ ದಿನಾ ಬಿಳಿ ಅನ್ನ ಅಂದರೆ ನಡೆಯುವುದಿಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಮಗು ನಿಮ್ಮ ತಟ್ಟೆಯನ್ನೇ ಕೇಳುತ್ತದೆ. ಆಗ ನಿಮ್ಮ ತಟ್ಟೆಯಲ್ಲೂ ಮುದ್ದೆ ಇರಲಿ.

ಎರಡು ವರ್ಷದವರೆಗೆ ಸಕ್ಕರೆ ಬೇಡ. ಮೊಬೈಲ್ ತೋರಿಸಿ ತಿನ್ನಿಸುವುದು ಬೇಡವೇ ಬೇಡ. ಕಣ್ಣು ಪರದೆಯ ಮೇಲಿದ್ದರೆ ಮಗು ಯಾರ ತಟ್ಟೆ ನೋಡಬೇಕು? ಸಾಕು ಅಂದರೆ ತಟ್ಟೆ ತೆಗೆದುಬಿಡಿ. ಮುಂದಿನ ಊಟದ ಹೊತ್ತಿಗೆ ಹಸಿವಾಗುತ್ತದೆ, ಆಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮಸ್ಕಾರ.