ನೀರು ಬರಲಿಲ್ಲ, ಸಂತೆ ಬಂತು: ದೇವರಾಜ ಮಾರ್ಕೆಟ್‌ನಲ್ಲಿ ಒಂದು ಬೆಳಗ್ಗೆ

ಬೆಳಗ್ಗೆ ಆರೂವರೆ. ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ನಿಂತಿದ್ದೇನೆ. ಜೇಬಿನಲ್ಲಿ ಅಮ್ಮ ಬರೆದುಕೊಟ್ಟ ಚೀಟಿ. ವೀಳ್ಯದೆಲೆ, ಅರಿಶಿನದ ಕೊಂಬು, ಎರಡು ಮಾರು ಮಲ್ಲಿಗೆ. ಕೊನೆಯಲ್ಲಿ ‘ರಸಬಾಳೆ, ಸಿಕ್ಕರೆ’ ಅಂತ. ಆ ‘ಸಿಕ್ಕರೆ’ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಈ ರಸ್ತೆ ನೋಡಿ. ಸಯ್ಯಾಜಿರಾವ್ ರಸ್ತೆ. ದಸರಾ ಜಂಬೂಸವಾರಿ ಹೋಗುವುದು ಇದೇ ದಾರಿಯಲ್ಲಿ. ಈಗ ಆಟೋ, ಬಸ್ಸು ಓಡಾಡುತ್ತಿರುವ ಕಡೆ ಒಂದು ಕಾಲದಲ್ಲಿ ಕಾಲುವೆ ಇತ್ತು ಅಂದರೆ ನಂಬುತ್ತೀರಾ? ಕಾವೇರಿ ನೀರನ್ನು ಮೈಸೂರಿಗೆ ತರಬೇಕು ಅಂತ ದಿವಾನ್ ಪೂರ್ಣಯ್ಯ ತೋಡಿಸಿದ ಕಾಲುವೆ ಅದು. ಕೆಲಸ ದಡ ಮುಟ್ಟಲಿಲ್ಲ. ನೀರು ಬರಲೇ ಇಲ್ಲ. ಆದರೆ ಕಾಲುವೆ ಪಕ್ಕದಲ್ಲಿ ಜಾಗ ಇತ್ತಲ್ಲ, ಅಲ್ಲಿ ವಾರದ ಸಂತೆ ಕೂರುತ್ತಿತ್ತು. ಕಾಲುವೆ ಕೊನೆಗೆ ಮೋರಿಯಾಗಿ, ಮುಚ್ಚಿ, ರಸ್ತೆಯಾಯಿತು. ಸಂತೆ ಮಾತ್ರ ಎದ್ದು ಹೋಗಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಒಡೆಯರ ಆಡಳಿತ ಅದಕ್ಕೆ ಗೋಡೆ, ಸೂರು, ಕಮಾನಿನ ಬಾಗಿಲು ಕಟ್ಟಿಸಿಕೊಟ್ಟಿತು. ನನಗೆ ಇಷ್ಟವಾಗುವುದು ಇದೇ. ಮಾರ್ಕೆಟ್ ಕಟ್ಟಿ ಜನರನ್ನು ಕರೆದಿದ್ದಲ್ಲ. ಜನ ಮೊದಲೇ ಬಂದು ಕೂತಿದ್ದರು, ಕಟ್ಟಡ ಆಮೇಲೆ ಬಂತು.

ಹೆಸರು ಯಾವ ದೇವರಾಜರದ್ದು? ಇಲ್ಲೇ ಪಕ್ಕದಲ್ಲಿ ದೇವರಾಜ ಅರಸು ರಸ್ತೆ ಇರುವುದರಿಂದ ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಾನೂ ಕಾಲೇಜು ಮುಗಿಸುವವರೆಗೆ ಹಾಗೇ ಅಂದುಕೊಂಡಿದ್ದೆ! ರಸ್ತೆ ಮುಖ್ಯಮಂತ್ರಿ ದೇವರಾಜ ಅರಸು ಅವರದ್ದು. ಮಾರ್ಕೆಟ್ 17ನೇ ಶತಮಾನದ ದೊಡ್ಡ ದೇವರಾಜ ಒಡೆಯರದ್ದು. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಮಾಡಿಸಿದರಲ್ಲ, ಅವರೇ.

ಸರಿ, ಒಳಗೆ ಹೋಗೋಣ. ಇಟ್ಟಿಗೆ, ಗಾರೆಯ ಗೋಡೆ. ಹೊರಗಿನ ಅಂಗಡಿಗಳ ಮುಖ ರಸ್ತೆ ಕಡೆಗೆ. ಮೈಸೂರು ಪಾಕ್ ಮಾಡಿದರು ಅಂತ ಹೇಳುವ ಕಾಕಾಸುರ ಮಾದಪ್ಪನವರ ವಂಶದವರ ಮಿಠಾಯಿ ಅಂಗಡಿಯೂ ಈ ಹೊರ ಸಾಲಿನಲ್ಲೇ. ಒಳಗೆ ಬಂದರೆ ಕಿರಿದಾದ ಓಣಿಗಳು. ಎದುರಿನಿಂದ ತಲೆ ಮೇಲೆ ಬುಟ್ಟಿ ಹೊತ್ತವರು ಬಂದರೆ ನೀವೇ ಪಕ್ಕಕ್ಕೆ ಸರಿಯಬೇಕು. ‘ದಾರಿ, ದಾರಿ’ ಅಂತ ಒಂದು ಸಲ ಕೂಗುತ್ತಾರೆ, ಎರಡನೇ ಸಲ ಕೂಗುವುದಿಲ್ಲ. ನನ್ನ ಟ್ರೈಪಾಡ್ ಬಿಚ್ಚಿದ್ದು ಮೂರು ನಿಮಿಷ ಅಷ್ಟೇ. ಆಮೇಲಿಂದ ಕೈಯಲ್ಲೇ ಶೂಟಿಂಗ್, ಅದಕ್ಕೇ ಚಿತ್ರ ಸ್ವಲ್ಪ ಅಲ್ಲಾಡುತ್ತಿದೆ. ಅಡ್ಜಸ್ಟ್ ಮಾಡಿಕೊಳ್ಳಿ.

ಕುಂಕುಮದ ರಾಶಿಗಳನ್ನು ನೀವು ನೂರಾರು ಫೋಟೋದಲ್ಲಿ ನೋಡಿದ್ದೀರಿ. ವಿದೇಶದಿಂದ ಬಂದವರೆಲ್ಲ ಅಲ್ಲೇ ನಿಲ್ಲುತ್ತಾರೆ. ನಾನು ಹೂವಿನ ಕಡೆ ಹೋಗುತ್ತೇನೆ. ಸೇವಂತಿಗೆ, ಕನಕಾಂಬರ, ಸುಗಂಧರಾಜ, ಮರುಗ. ಮಲ್ಲಿಗೆ ಅಳೆಯುವುದು ಇಲ್ಲಿ ಕೈಯಲ್ಲಿ, ಮೊಳದ ಲೆಕ್ಕ. ಆದ್ದರಿಂದ ಉದ್ದ ಕೈಯವರ ಹತ್ತಿರ ಕೊಳ್ಳಬೇಕು ಅಂತ ಅಮ್ಮನ ಸಿದ್ಧಾಂತ. ನಾನು ಸ್ವಲ್ಪ ಚೌಕಾಸಿಗೆ ಇಳಿದೆ. ಹೂವಿನ ಅಜ್ಜಿ ತಲೆಯನ್ನೂ ಎತ್ತಲಿಲ್ಲ. ‘ಬೋಣಿ ಹೊತ್ತಲ್ಲಿ ಎಳೀಬೇಡ ಕಣವ್ವ’ ಅಂದರು. ಕೊಟ್ಟುಬಿಟ್ಟೆ. ಕಟ್ಟುವಾಗ ಒಂದು ಗೇಣು ಕೊಸರು ಹಾಕಿದರು.

ಇನ್ನು ರಸಬಾಳೆ. ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಅಧಿಕೃತ ಗುರುತು. ಮೈಸೂರು ಮಲ್ಲಿಗೆಗೂ ಇದೆ, ಮೈಸೂರು ವೀಳ್ಯದೆಲೆಗೂ ಇದೆ. ಆದರೆ ಟ್ಯಾಗ್ ಇದ್ದರೆ ಹಣ್ಣು ಇರಬೇಕಲ್ಲ! ಪನಾಮ ಸೊರಗು ರೋಗ ತೋಟಗಳನ್ನೇ ತಿಂದುಹಾಕಿತು. ಬೆಳೆಯುವವರು ತುಂಬಾ ಕಡಿಮೆ. ಏಲಕ್ಕಿ, ಪಚ್ಚಬಾಳೆ ಗೊನೆ ರಾಶಿ ರಾಶಿ ನೇತಾಡುತ್ತಿವೆ, ರಸಬಾಳೆ ಕೇಳಿದರೆ ಎರಡು ಅಂಗಡಿಯಲ್ಲಿ ನಕ್ಕರು.

ಇಲ್ಲಿ, ಉತ್ತರದ ಬಾಗಿಲ ಹತ್ತಿರ ಬಂದರೆ ನನ್ನ ಧ್ವನಿ ಸ್ವಲ್ಪ ಬದಲಾಗುತ್ತದೆ, ಕ್ಷಮಿಸಿ. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಈ ಭಾಗ ಕುಸಿಯಿತು. ಅದೂ ದುರಸ್ತಿ ನಡೆಯುತ್ತಿದ್ದ ಸಮಯದಲ್ಲೇ. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. 2012ರಲ್ಲಿ ಅದರ ಒಂದು ಭಾಗ ಬಿದ್ದು ನಾಲ್ವರು ಸತ್ತರು. ಅಲ್ಲಿದ್ದ ಅಂಗಡಿಗಳು ಖಾಲಿಯಾದವು, ಕಟ್ಟಡ ವರ್ಷಗಟ್ಟಲೆ ಹಾಗೇ ನಿಂತುಬಿಟ್ಟಿತು. ದೇವರಾಜ ಮಾರ್ಕೆಟ್‌ನ ವ್ಯಾಪಾರಿಗಳು ಅದನ್ನು ದಿನಾ ನೋಡಿದ್ದಾರೆ. ‘ಸದ್ಯಕ್ಕೆ ಖಾಲಿ ಮಾಡಿ, ಹೊಸದು ಕಟ್ಟಿಕೊಡುತ್ತೇವೆ’ ಅಂದರೆ ಅವರು ಯಾಕೆ ಬೆಚ್ಚುತ್ತಾರೆ ಅಂತ ಈಗ ಗೊತ್ತಾಯಿತಲ್ಲ?

ಕೆಡವಬೇಕಾ, ಉಳಿಸಬೇಕಾ? ತಜ್ಞರಲ್ಲೇ ಒಮ್ಮತ ಇರಲಿಲ್ಲ. ವಿಷಯ ಹೈಕೋರ್ಟ್‌ಗೆ ಹೋಯಿತು. 2023ರಲ್ಲಿ ಕೋರ್ಟ್ ಕೆಡವುವುದಕ್ಕೆ ಅಡ್ಡಿ ಮಾಡಲಿಲ್ಲ. ಪರಂಪರೆ ಪರವಾಗಿ ಮಾತಾಡುವವರೂ ಸುಮ್ಮನಾಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಗಾರೆ ಗೋಡೆ ತಾನಾಗಿ ಸಾಯುವುದಿಲ್ಲ. ಚಾವಣಿ ಸೋರಿದ ಮೊದಲ ಮಳೆಗಾಲದಲ್ಲೇ ಯಾರಾದರೂ ಮೇಲೆ ಹತ್ತಿ ನೋಡಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಇನ್ನು ಹೊಸ ಕಟ್ಟಡ ಅಂದಾಗ ನನಗೆ ಬರುವ ಪ್ರಶ್ನೆ ಒಂದೇ. ಮೂರನೇ ಮಹಡಿಗೆ ಸೊಪ್ಪಿನ ಮೂಟೆ ಹೊರುವವರು ಯಾರು? ಅಲ್ಲಿಗೆ ಒಂದು ಕಟ್ಟು ಕೊತ್ತಂಬರಿಗೆ ಹತ್ತುವವರು ಯಾರು?

ಎಲೆ ಅಂಗಡಿಗೆ ಬಂದೆ. ಒದ್ದೆ ಗೋಣಿ ಕೆಳಗೆ ಜೋಡಿಸಿಟ್ಟ ಚಿಗುರೆಲೆ. ‘ಪೂಜೆಗಾ, ತಿನ್ನೋಕಾ?’ ಅಂತ ಕೇಳಿದರು. ಎರಡಕ್ಕೂ ಅಂದೆ. ‘ಹಂಗಾದ್ರೆ ಬೇರೆ ಬೇರೆ ಕಟ್ಟು ತಗೊಳ್ಳಿ ಅಕ್ಕ’ ಅಂತ ಎರಡು ಬಗೆ ಕೊಟ್ಟರು. ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬೂ ಆಯಿತು.

ಅಷ್ಟರಲ್ಲಿ ಅಮ್ಮನ ಫೋನ್. ‘ರಸಬಾಳೆ ಸಿಕ್ತೇನೇ?’

ಐದನೇ ಅಂಗಡಿಯಲ್ಲಿ ಸಿಕ್ಕಿತು. ನಾಲ್ಕೇ ಹಣ್ಣು. ಒಂದು ನಾನು ಇಲ್ಲೇ ತಿಂದೆ, ಅಮ್ಮನಿಗೆ ಮೂರು ಅಂತ ಹೇಳಿದ್ದೇನೆ. ಈ ವಿಡಿಯೋ ಅವರಿಗೆ ಕಳಿಸಬೇಡಿ.